ತೋಳಿನ ಮೇಲೆ ಎರಡು ಗೆರೆ

ಜೂನ್ 9, ಸೋಮವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರಗಳು ಕೋಳಿ ಕೆದರಿದ ಹಾಗಿವೆ. ಬಲಗೈ ತೊಡೆಯ ಮೇಲೆ ಮಲಗಿದೆ. ಎತ್ತಿದರೆ ಮೊಣಕೈವರೆಗೆ ಮಾತು ಕೇಳುತ್ತದೆ, ಅಲ್ಲಿಂದಾಚೆ ಇಲ್ಲ. ಮಣಿಕಟ್ಟು ಜೋತು ಬೀಳುತ್ತದೆ. ಬೆರಳು ಮಡಚಬಲ್ಲೆ, ಬಿಡಿಸಲಾರೆ. ಹೆಬ್ಬೆರಳಿನ ಬುಡದಲ್ಲಿ ಚಿವುಟಿಕೊಂಡರೆ ಬೇರೆ ಯಾರನ್ನೋ ಚಿವುಟಿದ ಹಾಗಿದೆ.

ನಿನ್ನೆ ಮಧ್ಯಾಹ್ನ ಆದದ್ದು. ಗಂಡ ನನ್ನ ಎದೆಗೂ ತೋಳಿಗೂ ಸೇರಿಸಿ ಹಗ್ಗ ಕಟ್ಟಿದ್ದ. ಕೈ ಬೆನ್ನ ಹಿಂದೆ, ಎದೆಯ ಮೇಲೊಂದು ಸುತ್ತು, ಎದೆಯ ಕೆಳಗೊಂದು ಸುತ್ತು, ಬೆನ್ನಿನಿಂದ ತೊಲೆಯ ಕೊಕ್ಕೆಗೆ ಒಂದು ಎಳೆ. ನಾಲ್ಕೈದು ತಿಂಗಳಿಂದ ನಾವಿಬ್ಬರೂ ಇಷ್ಟಪಟ್ಟು ಮಾಡುತ್ತಿರುವುದೇ. ಅವನು ನಾಟಕಶಾಲೆಯಲ್ಲಿ ದೀಪ, ಪರದೆಗಳನ್ನು ಮೇಲಕ್ಕೆ ಎತ್ತಿ ಕಟ್ಟುವವನು. ಹಗ್ಗ, ರಾಟೆ, ಗಂಟು ಅವನ ಹೊಟ್ಟೆಪಾಡು. ಅಲ್ಲಿ ಎಲ್ಲರೂ ಅವನನ್ನು ಗಂಟಣ್ಣ ಎಂದೇ ಕರೆಯುತ್ತಾರೆ. ಈ ಸಲ ಕೆಳಗಿನ ಸುತ್ತು ತೋಳಿನ ಹೊರಮಗ್ಗುಲಿಗೆ ಸ್ವಲ್ಪ ಬಿಗಿಯಾಯಿತು, ನಾನು ಮುಂದಕ್ಕೆ ವಾಲಿದೆ, ಮೈಭಾರ ಅಲ್ಲಿ ಬಿತ್ತು. ಬಿಚ್ಚಿದಾಗ ಕೈ ಹೀಗಾಗಿತ್ತು.

ಯಾರ ತಪ್ಪೂ ಅಲ್ಲ. ಜೋಮು ಹಿಡಿದಿದೆ, ಬೆಳಗ್ಗೆ ಬಿಡುತ್ತದೆ ಅಂದುಕೊಂಡು ಮಲಗಿದೆವು. ಬಿಡಲಿಲ್ಲ.

ಅಂಗಿಯ ಗುಂಡಿಗಳನ್ನು ಅವನೇ ಹಾಕಿದ. ಕೆಲಸದ ಕಡೆಗೆ ಕೈ ಉಳುಕಿದೆ ಎಂದು ಹೇಳಿ ಕಳಿಸಿದೆ. ಯಾರ ಮುಂದೆಯೂ ಆಡಲಾಗದ ಮಾತನ್ನು ಎಲ್ಲಾದರೂ ಇಡಬೇಕಲ್ಲ, ಅದಕ್ಕೆ ಇಲ್ಲಿ.

ಜೂನ್ 10, ಮಂಗಳವಾರ

ನರಗಳ ಡಾಕ್ಟರು ನನಗಿಂತ ಹತ್ತು ವರ್ಷ ಚಿಕ್ಕವಳು. ಕೈಯನ್ನು ಎತ್ತಿ, ಬಿಟ್ಟು, ಬಿದ್ದದ್ದನ್ನು ನೋಡಿ, ಹೇಗಾಯಿತು ಅಂದಳು. ದಾರಿಯುದ್ದಕ್ಕೂ ಇಬ್ಬರೂ ಸೇರಿ ಬಾಯಿಪಾಠ ಮಾಡಿಕೊಂಡ ಮಾತನ್ನೇ ಹೇಳಿದೆ: ಕುರ್ಚಿಯ ಬೆನ್ನಿನ ಮೇಲೆ ತೋಳು ಹಾಕಿಕೊಂಡು ನಿದ್ದೆ ಹೋದೆ. ಹೌದು, ಹಾಗೂ ಆಗುತ್ತದೆ, ಕುಡಿದು ಮೈಮರೆತು ಮಲಗಿದವರಿಗೆ ಹೆಚ್ಚು ಅಂದಳು. ಕುಡಿಯುತ್ತೀರಾ ಎಂದು ಕೇಳಿದಳು. ಇಲ್ಲ ಅಂದರೆ ಕಥೆ ನಿಲ್ಲುವುದಿಲ್ಲ, ಹಾಗಾಗಿ ಸ್ವಲ್ಪ ಅಂದೆ. "ಸ್ವಲ್ಪ" ಅಂದವರೆಲ್ಲ ಎಷ್ಟು ಕುಡಿಯುತ್ತಾರೆಂದು ಡಾಕ್ಟರಿಗೆ ಗೊತ್ತಿರುತ್ತದೆ. ಹನಿ ಮುಟ್ಟದವಳು ಕುಡುಕಿಯಾಗಿ ಬಂದೆ.

ಆಮೇಲೆ ಅವಳು ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು. ನನ್ನ ತೋಳಿನ ಮೇಲೆ ಇನ್ನೂ ಎರಡು ಗೆರೆ ಇವೆ, ಕಡುಗೆಂಪು, ಹೆಣೆದ ಹಗ್ಗದ ಅಚ್ಚು ಸಮೇತ.

"ಮನೇಲಿ ಯಾರಾದ್ರೂ ನಿಮ್ಮ ಮೇಲೆ ಕೈ ಮಾಡ್ತಾರಾ?"

ಇಲ್ಲ ಅಂದೆ. ನಿಜವನ್ನೇ ಹೇಳಿದೆ, ಆದರೆ ನನ್ನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು.

ಮಣಿಕಟ್ಟು ಬೀಳದ ಹಾಗೆ ಒಂದು ಗಟ್ಟಿ ಪಟ್ಟಿ ಕಟ್ಟಿದ್ದಾರೆ. ಎರಡು ವಾರ ಬಿಟ್ಟು ಕರೆಂಟು ಹಾಯಿಸಿ ನರವನ್ನು ಪರೀಕ್ಷೆ ಮಾಡುತ್ತಾರಂತೆ. ಬರುತ್ತದೆಯೇ ಎಂದು ಕೇಳಿದ್ದಕ್ಕೆ, ಎಷ್ಟು ಹೊತ್ತು ಒತ್ತಿತ್ತು ಅನ್ನುವುದರ ಮೇಲೆ ಇದೆ ಅಂದಳು.

ಜೂನ್ 12, ಗುರುವಾರ

ಕೆಲಸಕ್ಕೆ ಹೋದೆ. ನಾನು ಮಾದರಿ ಕತ್ತರಿಸುವವಳು. ಅಂಗಡಿಯ ಒಡತಿ ಮೇಡಂ ಉಡುಪಿನ ಚಿತ್ರ ಬರೆಯುತ್ತಾರೆ, ನಾನು ಅದನ್ನು ಕಾಗದಕ್ಕೆ ಇಳಿಸಿ ಮನುಷ್ಯರ ಮೈಗೆ ಕೂಡುವ ಹಾಗೆ ಮಾಡುತ್ತೇನೆ. ಬಲಗೈ ಇಲ್ಲದೆ ನಾನು ಅಲ್ಲಿ ಬರಿಯ ಬಾಯಿ. ಕಟಿಂಗ್ ಮಾಸ್ಟರ್ ನನ್ನ ಪಕ್ಕ ಕೂತು ನಾನು ಹೇಳಿದಲ್ಲಿ ಕತ್ತರಿ ಆಡಿಸಿದರು.

ಈಗ ಮೇಜಿನ ಮೇಲೆ ಇರುವುದೆಲ್ಲ ಹಾರ್ನೆಸ್. ಮುಂದಿನ ತಿಂಗಳ ಫ್ಯಾಶನ್ ಶೋಗೆ. ಕಪ್ಪು ಚರ್ಮದ ಪಟ್ಟಿ, ಭುಜದ ಮೇಲಿಂದ ಎರಡು, ಎದೆಯ ಕೆಳಗೆ ಸುತ್ತಲೂ ಒಂದು, ನಟ್ಟನಡುವೆ ಎದೆಮೂಳೆಯ ಮೇಲೆ ಉಕ್ಕಿನ ಉಂಗುರ. ಅಂಗಿಯ ಮೇಲೆ, ಗೌನಿನ ಮೇಲೆ, ಬರೀ ಮೈಮೇಲೂ ಹಾಕುತ್ತಾರೆ. ಮಾಸ್ಟರ್ ಇದನ್ನು ಕುದುರೆ ಸಾಮಾನು ಅನ್ನುತ್ತಾರೆ. ಕುದುರೆಯದನ್ನು ಹುಡುಗಿಯರಿಗೆ ಹಾಕಿಯಾಯಿತು, ಇನ್ನು ಕುದುರೆಗೆ ಗೌನು ಹೊಲಿಯುವುದೊಂದು ಬಾಕಿ ಅಂತ ಇವತ್ತೂ ಹೇಳಿದರು.

ಎಲ್ಲ ಶುರುವಾದದ್ದು ಇದರಿಂದಲೇ. ಚಳಿಗಾಲದಲ್ಲಿ ಮೇಡಂ ಗೋಡೆಗೆ ಚಿತ್ರಗಳನ್ನು ಅಂಟಿಸಿದ್ದರು, ಇಂಥ ಉಡುಪು ಎಲ್ಲಿಂದ ಬಂತು ಎಂದು ನಮಗೆ ತೋರಿಸಲು. ಅದರಲ್ಲಿ ಹಗ್ಗದ್ದೂ ಇದ್ದವು. ಒಬ್ಬ ಹೆಂಗಸಿನ ಎದೆಯ ಸುತ್ತ ಹಗ್ಗ, ಜಾಲರಿ ನೇಯ್ದ ಹಾಗೆ, ಅವಳ ಕಣ್ಣು ಮುಚ್ಚಿತ್ತು. ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಅವನಿಗೆ ಹೇಳಿದೆ. ಹೇಳುವಾಗ ನನ್ನ ಕಿವಿ ಬಿಸಿಯಾಗಿದ್ದು ನೆನಪಿದೆ. ಅವನು ನಗಲಿಲ್ಲ. ಯಾವ ಗಂಟು ಇತ್ತು ಎಂದು ಕೇಳಿದ.

ಜೂನ್ 15, ಭಾನುವಾರ

ಅಕ್ಕ ಬಂದಳು, ಹೇಳದೆ ಕೇಳದೆ. ನಾನು ತೋಳಿಲ್ಲದ ಅಂಗಿಯಲ್ಲಿ ಒಂದೇ ಕೈಯಿಂದ ತಟ್ಟೆ ಒರೆಸುತ್ತಿದ್ದೆ. ಗೆರೆಗಳು ಈಗ ಹಳದಿಗೆ ತಿರುಗಿವೆ, ಅಂಚು ನೀಲಿ. ಅಕ್ಕ ಚೀಲ ಕೆಳಗಿಟ್ಟು ನನ್ನ ತೋಳು ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು.

"ಹಗ್ಗ," ಅಂದಳು.

ಆರು ವರ್ಷ ಗಂಡನ ಏಟನ್ನು ಪೌಡರ್ ಹಚ್ಚಿ ಮುಚ್ಚಿದವಳು ಅವಳು. ಏಳನೆಯ ವರ್ಷ ಉಟ್ಟ ಬಟ್ಟೆಯಲ್ಲಿ ಎದ್ದು ಬಂದು, ಹಲ್ಲಿನ ಆಸ್ಪತ್ರೆಯಲ್ಲಿ ಫೋನ್ ಎತ್ತುವ ಕೆಲಸ ಹಿಡಿದು, ಒಂದು ಕೋಣೆ ಮಾಡಿಕೊಂಡು ತಾನೇ ಬದುಕಿದವಳು. ಮೈಮೇಲಿನ ಗುರುತು ಓದುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ.

"ಎಷ್ಟು ದಿನದಿಂದ ನಡೀತಿದೆ ಇದು?"

"ಅಕ್ಕ, ನೀನಂದುಕೊಂಡ ಹಾಗಲ್ಲ."

"ನಾನೂ ಅಮ್ಮಂಗೆ ಇದೇ ಹೇಳ್ತಿದ್ದೆ, ಪುಟ್ಟಿ. ಇದೇ ಮಾತು. ನೀನಂದುಕೊಂಡ ಹಾಗಲ್ಲಮ್ಮ."

ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. ನಾನು ಮತ್ತೆ ಕುರ್ಚಿಯ ಕಥೆ ಹೇಳಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡು ಚೀಲ ಎತ್ತಿಕೊಂಡು ಹೋದಳು.

ಅವನು ಒಳಗಿನ ಕೋಣೆಯಲ್ಲೇ ಇದ್ದ. ಎಲ್ಲ ಕೇಳಿಸಿಕೊಂಡಿದ್ದಾನೆ. ಹೊರಗೆ ಬರಲಿಲ್ಲ.

ಜೂನ್ 16, ಸೋಮವಾರ

ಹಗ್ಗಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದು ನಾಟಕಶಾಲೆಯ ಅಟ್ಟಕ್ಕೆ ಹಾಕಿ ಬಂದನಂತೆ. ಕೊಕ್ಕೆಯನ್ನೂ ಕಿತ್ತಿದ್ದಾನೆ. ತೊಲೆಯಲ್ಲಿ ತೂತು ಉಳಿದಿದೆ. ಅಡುಗೆ ಅವನದೇ, ಬಟ್ಟೆ ಅವನದೇ, ನನ್ನ ತಲೆ ಬಾಚುವುದೂ ಅವನೇ. ಬಾಚುತ್ತಾ ಬಾಚುತ್ತಾ ಅಳುತ್ತಾನೆ. ತಾನು ಪಾಪಿ ಅನ್ನುತ್ತಾನೆ. ಇಲ್ಲ ಕಣೋ, ನೀನೇನು ಬೇಕೂಂತ ಮಾಡಿದೆಯಾ ಅಂತ ನಾನು ಬೆನ್ನು ಸವರುತ್ತೇನೆ, ಎಡಗೈಯಿಂದ.

ಕೈ ನನ್ನದು, ಅಳು ಅವನದು.

ಜೂನ್ 18, ಬುಧವಾರ

ಅಕ್ಕ ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಮಾಡಿದಳು. ಮಹಿಳಾ ಸಹಾಯ ಕೇಂದ್ರದಲ್ಲಿ ಒಬ್ಬರ ಹತ್ತಿರ ಮಾತಾಡಿದ್ದಾಳೆ. ತಾನು ಮನೆ ಬಿಟ್ಟು ಬಂದಾಗ ಜೊತೆಗೆ ನಿಂತವರು ಅವರೇ. ಶನಿವಾರ ಕರೆದುಕೊಂಡು ಬರುತ್ತಾಳಂತೆ. ನಾನು ಬೇಡ ಅಂದೆ. ಅವತ್ತು ತನಗೂ ಬೇಡವಾಗಿತ್ತು ಅಂದಳು. ಆಮೇಲೆ, ನಾನು ಬಾಯಿ ಬಿಡದಿದ್ದರೆ ತಾನೇ ಪೊಲೀಸ್ ಠಾಣೆಗೆ ಹೋಗುವುದಾಗಿ ಹೇಳಿ ಇಟ್ಟಳು. ಅಕ್ಕ ಹೋಗುತ್ತೇನೆ ಅಂದರೆ ಹೋಗುವವಳೇ.

ಅವನಿಗೆ ಹೇಳಿದೆ. ಮುಖ ಸುಣ್ಣದ ಗೋಡೆಯಾಯಿತು. ಮೆಟ್ಟಿಲಿಂದ ಬಿದ್ದೆ ಅಂತ ಹೇಳಿಬಿಡು ಅಂದ. ಮೆಟ್ಟಿಲು ಹಗ್ಗದ ಅಚ್ಚು ಒತ್ತುವುದಿಲ್ಲ ಅಂದೆ. ನಾಟಕಶಾಲೆಯಲ್ಲಿ ಗೊತ್ತಾದರೆ ತನ್ನ ಹಗ್ಗದ ಕೆಳಗೆ ಯಾರೂ ನಿಲ್ಲುವುದಿಲ್ಲ, ಕೆಲಸ ಹೋದ ಹಾಗೆಯೇ ಅಂದ. ಅದೂ ನಿಜ. ಮೇಲೆ ತೂಗುವ ದೀಪ ಬೀಳುವುದಿಲ್ಲ ಎಂಬ ನಂಬಿಕೆಯಲ್ಲೇ ಅಲ್ಲಿ ನಟರು ಕುಣಿಯುವುದು.

ನಾನು ಕೆಲಸ ಕಳೆದುಕೊಳ್ಳುತ್ತೇನೋ ಇಲ್ಲವೋ ಎಂದು ಅವನು ಕೇಳಲಿಲ್ಲ. ಪಾಪ, ಹೆದರಿದ್ದಾನೆ.

ಜೂನ್ 20, ಶುಕ್ರವಾರ

ಹೆಬ್ಬೆರಳು ಅಲುಗಲಿಲ್ಲ.

ಜೂನ್ 21, ಶನಿವಾರ

ಬಂದರು. ಅಕ್ಕ, ಮತ್ತು ಸಹಾಯ ಕೇಂದ್ರದ ಹೆಂಗಸು. ಬಿಳಿಗೂದಲು, ಅಡಿ ಸವೆದ ಚಪ್ಪಲಿ, ಕೂತ ಕೂಡಲೇ ಮಂಡಿ ತಿಕ್ಕಿಕೊಂಡರು. ಅವನು ಕೆಲಸಕ್ಕೆ ಹೋಗಿದ್ದ. ನಾನೇ ಹೋಗು ಅಂದಿದ್ದೆ.

ಚಹಾ ಇಟ್ಟೆ. ಒಂದೇ ಕೈಯಲ್ಲಿ ಲೋಟಗಳನ್ನು ಒಂದೊಂದಾಗಿ ತಂದೆ. ಅಕ್ಕ ಎದ್ದು ಬರಲು ಹೋದಳು, ಆ ಹೆಂಗಸು ಅವಳ ತೊಡೆ ಮುಟ್ಟಿ ಕೂರಿಸಿದರು. ಮೂರನೆಯ ಲೋಟ ತಂದಿಟ್ಟು ಕೂತ ಮೇಲೆ ನಾನು ಹೇಳಿಬಿಟ್ಟೆ. ಗೋಡೆಯ ಚಿತ್ರದಿಂದ ಹಿಡಿದು, ಹಗ್ಗದ ತರಗತಿಗೆ ಇಬ್ಬರೂ ಹೋಗಿದ್ದು, ತೊಲೆಯ ಕೊಕ್ಕೆ, ಎಲ್ಲ. ನೆಲ ನೋಡಿಕೊಂಡು ಹೇಳಿದೆ. ಮುಗಿದ ಮೇಲೆ ತಲೆಯೆತ್ತಿದರೆ ಅಕ್ಕ ನನ್ನನ್ನು ಗುರುತೇ ಇಲ್ಲದವಳ ಹಾಗೆ ನೋಡುತ್ತಿದ್ದಳು.

"ನೀನೇ ಕೇಳಿದ್ದಾ? ಕಟ್ಟು ಅಂತ?"

"ಹೂಂ."

"ಯಾಕೆ?"

ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಇಡೀ ದಿನ ಬೇರೆಯವರ ಮೈ ಅಳೆಯುತ್ತೇನೆ ಅಂದೆ. ಎದೆಯ ಸುತ್ತ ಹಗ್ಗ ಬಂದಾಗ ನನ್ನ ಮೈ ಇಲ್ಲಿಂದ ಇಲ್ಲಿಯವರೆಗೆ ಇದೆ ಎಂದು ಗೊತ್ತಾಗುತ್ತದೆ, ಉಸಿರು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ತಿಳಿಯುತ್ತದೆ, ತಲೆಯೊಳಗಿನ ಸಂತೆ ನಿಲ್ಲುತ್ತದೆ ಅಂದೆ.

"ನಂಗೂ ತಲೆ ಸುಮ್ಮನಾಗ್ತಿತ್ತು," ಅಂದಳು ಅಕ್ಕ. "ಏಟು ಬಿದ್ದ ಮೇಲೆ. ಇವತ್ತಿಂದು ಮುಗೀತು ಅಂತ."

ಎರಡೂ ಒಂದೇ ಅಲ್ಲ ಎಂದು ನನಗೆ ಗೊತ್ತು. ಅವಳ ಮುಖ ನೋಡಿಕೊಂಡು ಅದನ್ನು ಹೇಳಲು ನಾಲಿಗೆ ಏಳಲಿಲ್ಲ.

ಆ ಹೆಂಗಸು ಅಷ್ಟು ಹೊತ್ತೂ ಚಹಾ ಕುಡಿಯುತ್ತಿದ್ದರು. ಅವರಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ.

"ನಿಮ್ಮಿಷ್ಟ ಅಂದ್ರೆ ನಿಮ್ಮಿಷ್ಟ. ಅದನ್ನ ನಾನು ಕೇಳಲ್ಲ," ಅಂದರು. "ನಾನು ಕೇಳೋದು ಒಂದೇ. ಬಿಚ್ಚು ಅಂದಾಗ ಬಿಚ್ಚಿದ್ರಾ?"

"ಹೌದು," ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಲೋಟ ಕೆಳಗಿಟ್ಟು ತಮ್ಮ ಫೋನ್ ನಂಬರು ಹೇಳಿ ಎದ್ದರು. ಅಕ್ಕ ಚಹಾ ಮುಟ್ಟಿರಲಿಲ್ಲ.

ಸಂಜೆ ಅವನು ಬಂದು ಏನಾಯಿತು ಎಂದು ಕೇಳಿದ. ನಿನ್ನ ಕೆಲಸಕ್ಕೇನೂ ತೊಂದರೆ ಇಲ್ಲ ಅಂದೆ.

ಜೂನ್ 22, ಭಾನುವಾರ

ಬಿಚ್ಚು ಅಂದಿರಲಿಲ್ಲ. ಹೆಬ್ಬೆರಳು ಜುಮ್ಮೆನ್ನುತ್ತಿದೆ ಅಂದಿದ್ದೆ. ಅಷ್ಟೇ. ಜುಮ್ಮೆನ್ನುವುದು ಮೊದಲೂ ಆಗಿತ್ತು, ಒಂದು ಎಳೆ ಪಕ್ಕಕ್ಕೆ ಸರಿಸಿದರೆ ಹೋಗುತ್ತಿತ್ತು.

ಇಲ್ಲ. ಬಿಚ್ಚು ಅಂತಲೂ ಅಂದಿದ್ದೆ.

ಮೊದಲನೆಯ ಸಲ ಜುಮ್ಮೆನ್ನುತ್ತಿದೆ ಅಂದಾಗ ಅವನು ಬೆನ್ನ ಹಿಂದೆ ಇದ್ದ. ಒಂದು ನಿಮಿಷ ಕಣೇ, ಈ ಒಂದು ಗಂಟು ಅಂದ. ಅದು ಹೊಸ ಹಗ್ಗ, ಎಣ್ಣೆ ಸವರಿ ಹದ ಮಾಡಿದ್ದು, ಬೆನ್ನಿನ ಮೇಲೆ ಹೊಸ ವಿನ್ಯಾಸ ಕಲಿತು ಬಂದಿದ್ದ, ಅದು ಮುಗಿಯುವ ಹಂತದಲ್ಲಿತ್ತು. ನಾನು ಕಾದೆ. ಆಮೇಲೆ ಬೆರಳುಗಳು ಎಲ್ಲಿವೆ ಎಂದೇ ಗೊತ್ತಾಗಲಿಲ್ಲ. ಬಿಚ್ಚು ಅಂದೆ. ಅವನು ಹೂಂ ಅಂದ. ಹೂಂ ಅಂದು ಗಂಟನ್ನು ಮುಗಿಸಿದ. ಹಿಂದಕ್ಕೆ ಸರಿದ ಅವನ ಹೆಜ್ಜೆ ನನಗೆ ಕೇಳಿಸಿತು. ಮಾಡಿದ್ದನ್ನು ನಿಂತು ನೋಡುತ್ತಿದ್ದ. ಆಮೇಲೆ ಬಿಚ್ಚಲು ಶುರು ಮಾಡಿದ, ಕೊನೆಯಿಂದ ಮೊದಲಿಗೆ, ಹಗ್ಗ ಸಿಕ್ಕಾಗದ ಹಾಗೆ. ಪಕ್ಕದ ಸ್ಟೂಲಿನ ಮೇಲೆ ಕತ್ತರಿ ಇತ್ತು. ಏನಾದರೂ ಆದರೆ ಕತ್ತರಿಸುವುದು ಎಂದು ಮಾತಾಗಿತ್ತು. ಕೆಲಸದಿಂದ ತಂದ ನನ್ನದೇ ಕತ್ತರಿ, ಚರ್ಮವನ್ನು ಬೆಣ್ಣೆಯ ಹಾಗೆ ಸೀಳುವಂಥದು.

ಅವನು ಇವತ್ತೂ ತಲೆ ಬಾಚಲು ಬಂದ. ನಾನೇ ಬಾಚಿಕೊಳ್ಳುತ್ತೇನೆ ಅಂದೆ. ಸೊಟ್ಟ ಬೈತಲೆ.

ಜೂನ್ 26, ಗುರುವಾರ

ಆಸ್ಪತ್ರೆ. ಅವನನ್ನು ಹೊರಗೆ ಬೆಂಚಿನ ಮೇಲೆ ಕೂರಲು ಹೇಳಿ ಒಳಗೆ ಹೋದೆ. ಕೂತ ಕೂಡಲೇ, ಡಾಕ್ಟ್ರೇ, ಕುರ್ಚಿಯದು ಸುಳ್ಳು, ಇದು ಹಗ್ಗದ್ದು ಅಂದೆ. ಬೇರೆಯವರು ಒತ್ತಾಯ ಮಾಡಿ ಕಟ್ಟಿದ್ದಲ್ಲ, ನಾವೇ ಇಷ್ಟಪಟ್ಟು ಮಾಡಿದ್ದು ಎಂದೂ ಹೇಳಿದೆ. ಅವಳು ಪೆನ್ನು ಬಿಟ್ಟು ಎದ್ದು ಬಂದು, ಎಲ್ಲಿ ಹಾಯ್ದಿತ್ತು ಬೆರಳಲ್ಲಿ ತೋರಿಸಿ ಅಂದಳು. ತೋರಿಸಿದೆ. ಅಲ್ಲೇ ನರ ಮೂಳೆಗೆ ಒರಗಿಕೊಂಡು ಹೋಗುತ್ತದಂತೆ, ಮೇಲೆ ಮಾಂಸದ ಹೊದಿಕೆ ಕಡಿಮೆಯಂತೆ. ಜುಮ್ಮೆಂದ ಮೇಲೆ ಎಷ್ಟು ಹೊತ್ತು ಹಾಗೇ ಇತ್ತು ಎಂದು ಕೇಳಿದಳು. ಒಂದು ಹಾಡು ಕೇಳಿ ಮುಗಿಸುವಷ್ಟು ಹೊತ್ತು ಅಂದೆ.

ತೋಳಿಗೆ ತಂತಿಗಳನ್ನು ಅಂಟಿಸಿ ಕರೆಂಟು ಕೊಟ್ಟರು. ಮೊದಲು ಮೊಣಕೈ ಹತ್ತಿರ ಕೊಟ್ಟಾಗ ಸತ್ತ ಮಣಿಕಟ್ಟು ಕಪ್ಪೆಯ ಹಾಗೆ ನೆಗೆಯಿತು. ನಾನೇ ಬೆಚ್ಚಿದೆ. ಆಮೇಲೆ ಗೆರೆ ಇದ್ದ ಜಾಗದ ಮೇಲಿನಿಂದ ಕೊಟ್ಟರು. ಕೈ ಮಿಸುಕಲಿಲ್ಲ.

"ನರ ಕಡಿದಿಲ್ಲ. ಮುನಿಸಿಕೊಂಡಿದೆ," ಅಂದಳು ಡಾಕ್ಟರು. "ಮುನಿಸು ಇಳಿಯೋಕೆ ತಿಂಗಳು, ಎರಡು ತಿಂಗಳು ಹಿಡಿಯುತ್ತೆ. ಅಲ್ಲೀವರೆಗೂ ಪಟ್ಟಿ ಬಿಚ್ಚಬೇಡಿ, ವ್ಯಾಯಾಮ ಬಿಡಬೇಡಿ."

ಏಳುವಾಗ, ನಾನು ಕುಡಿಯುವುದಿಲ್ಲ, ದಯವಿಟ್ಟು ಚೀಟಿಯಲ್ಲಿ ಬರೆದದ್ದನ್ನು ಹೊಡೆದು ಹಾಕಿ ಅಂದೆ. ಅವಳು ನಕ್ಕು ನನ್ನ ಎದುರಿಗೇ ಹೊಡೆದು ಹಾಕಿದಳು.

ಬಸ್ಸಿನಲ್ಲಿ ಅವನು ಏನಂದರು, ಏನಂದರು ಅಂತ ಕೇಳಿದ. ಬರುತ್ತದೆ ಅಂದರು ಅಂದೆ. ಅವನು ಕಣ್ಣು ಒರೆಸಿಕೊಂಡ. ನಾನು ಕಿಟಕಿಯ ಹೊರಗೆ ನೋಡಿದೆ.

ಜೂನ್ 29, ಭಾನುವಾರ

ಇದನ್ನು ಬರೆದುಬಿಡುತ್ತೇನೆ.

ಊಟ ಮುಗಿದು ಅವನು ತಟ್ಟೆ ತೊಳೆಯುತ್ತಿದ್ದ. ನಲ್ಲಿ ನಿಲ್ಲಿಸು ಅಂದೆ. ನಿಲ್ಲಿಸಿದ.

"ಅವತ್ತು ನಾನು ಬಿಚ್ಚು ಅಂದಿದ್ದೆ."

"ಇಷ್ಟಾಗುತ್ತೆ ಅಂತ ನಂಗೆ ಗೊತ್ತಿರಲಿಲ್ಲ ಕಣೇ. ಆಣೆಗೂ..."

"ಅದಲ್ಲ ನಾನು ಕೇಳಿದ್ದು. ಕೇಳಿಸಿತ್ತಾ ನಿಂಗೆ?"

ಅವನ ಕೈಯಿಂದ ನೊರೆ ನೆಲಕ್ಕೆ ಇಳಿಯುತ್ತಿತ್ತು. ಇಷ್ಟು ದಿನ ಸುರಿದ ಅಳು ಈಗ ಬರಲಿಲ್ಲ.

"ಕೇಳಿಸಿತ್ತು," ಅಂದ. "ಮುಗಿಸಿಬಿಡೋಣ ಅನ್ನಿಸ್ತು. ಚೆನ್ನಾಗಿ ಬರ್ತಿತ್ತು."

ಅಷ್ಟೇ. ಇಡೀ ತಿಂಗಳಲ್ಲಿ ಅವನು ಆಡಿದ ಮೊದಲ ನೇರ ಮಾತು. ನನಗೆ ಕೋಪ ಬರಬೇಕಿತ್ತು, ಬಂತು ಕೂಡ, ಆದರೆ ಅದಕ್ಕಿಂತ ಮೊದಲು ಒಂದು ಥರ ಹಗುರವಾಯಿತು. ಕೋಪ ಆಮೇಲೆ ಬಂತು. ಆ ಗಂಟು ನೋಡಿದವರು ಯಾರು, ನೀನೊಬ್ಬನೇ ಅಲ್ಲವೇ ಅಂದೆ. ನಾಟಕಶಾಲೆಯಲ್ಲಿ ಕೆಳಗೆ ನಿಂತ ನಟ ನಿಲ್ಲಿಸು ಎಂದು ಕೂಗಿದರೆ, ದೃಶ್ಯ ಚೆನ್ನಾಗಿ ಬರುತ್ತಿದೆ ಎಂದು ದೀಪವನ್ನು ಇಳಿಸುತ್ತಲೇ ಇರುತ್ತೀಯಾ ಎಂದೂ ಕೇಳಿದೆ. ತಲೆ ತಗ್ಗಿಸಿದ.

ಸ್ವಲ್ಪ ದಿನ ನಾಟಕಶಾಲೆಯ ಕೋಣೆಯಲ್ಲಿ ಇರು ಅಂದೆ. ಎಷ್ಟು ದಿನ ಅಂದ. ಗೊತ್ತಿಲ್ಲ ಅಂದೆ. ಅಕ್ಕನಿಗೆ ನಿನ್ನ ಪಾಲಿನದನ್ನು ನೀನೇ ಹೋಗಿ ಹೇಳಬೇಕು, ನಾನು ಹೇಳಿದ್ದರಲ್ಲಿ ಒಂದು ಸುಳ್ಳಿದೆ, ಅದು ನಿನ್ನನ್ನು ಉಳಿಸಲು ಹೇಳಿದ್ದು ಅಂದೆ.

ಸಂಜೆಗೆ ಚೀಲ ತುಂಬಿಕೊಂಡು ಹೋದ. ಹೋಗುವ ಮುಂಚೆ ನನ್ನ ವಾರದ ಅಂಗಿಗಳಿಗೆಲ್ಲ ಗುಂಡಿ ಕಿತ್ತು ಒತ್ತುಗುಂಡಿ ಹೊಲಿದು ಇಟ್ಟಿದ್ದ. ಅದನ್ನು ಆಮೇಲೆ ನೋಡಿದೆ. ನೋಡಿ ಅತ್ತೆ. ಹಾಗಂತ ಫೋನ್ ಮಾಡಲಿಲ್ಲ.

ಜುಲೈ 2, ಬುಧವಾರ

ಡಬ್ಬದ ಮುಚ್ಚಳವನ್ನು ಮಂಡಿಗಳ ನಡುವೆ ಹಿಡಿದು ತೆಗೆಯುವುದು ಬಂತು. ಮನೆಯಲ್ಲಿ ಸದ್ದೇ ಇಲ್ಲ.

ಜುಲೈ 5, ಶನಿವಾರ

ಹಾರ್ನೆಸ್‌ಗಳ ಟ್ರಯಲ್ ಇತ್ತು. ಮಾಡೆಲ್ ಹುಡುಗಿಯರು ಸಾಲಾಗಿ ನಿಂತರು. ನಾಲ್ಕನೆಯವಳಿಗೆ ಮೇಡಂ ತಾವೇ ಬಕಲ್ ಬಿಗಿದರು. ಅದು ಶೋದ ಕೊನೆಯ ಉಡುಪು, ಎಲ್ಲಕ್ಕಿಂತ ದೊಡ್ಡದು, ತೋಳಿಗೂ ಪಟ್ಟಿ ಇರುವಂಥದು. ಆ ಹುಡುಗಿ ನಗುತ್ತಲೇ ಬೆರಳನ್ನು ಮಡಚಿ ಬಿಡಿಸಿ, ಮಡಚಿ ಬಿಡಿಸಿ ಮಾಡುತ್ತಿದ್ದಳು. ಜುಮ್ ಅನ್ನುತ್ತಾ ಎಂದು ಕೇಳಿದೆ. ಪರವಾಗಿಲ್ಲ, ಐದು ನಿಮಿಷ ತಾನೇ ಅಂದಳು. ನಾನು ಎಡಗೈಯಿಂದ ಬಕಲ್ ಎಳೆದು ಬಿಚ್ಚಿದೆ.

ಮೇಡಂ ರೇಗಿದರು. ತೋಳಿನ ಪಟ್ಟಿ ಇಲ್ಲದಿದ್ದರೆ ಉಡುಪಿನ ಅಂದವೇ ಹೋಯಿತು ಅಂದರು. ಪಟ್ಟಿ ಇರಲಿ, ಒಳಗೆ ಎಲಾಸ್ಟಿಕ್ ಕೊಟ್ಟು ಮೂರು ಬೆರಳು ಕೆಳಗೆ ಇಳಿಸೋಣ ಅಂದೆ. ಸಮಯವಿಲ್ಲ ಅಂದರು. ಸಮಯವಿಲ್ಲದಿದ್ದರೆ ಅದನ್ನು ಗೊಂಬೆಗೆ ಹಾಕಿ ನಿಲ್ಲಿಸಿ, ಹುಡುಗಿಗೆ ಹಾಕಲು ನಾನು ಬಿಡುವುದಿಲ್ಲ ಅಂದೆ. ಎಲ್ಲರೂ ಕೈಕೆಲಸ ನಿಲ್ಲಿಸಿದರು. ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸರಿ, ನೀವೇ ಕೂತು ಮಾಡಿ ಅಂದು ಬಾಗಿಲು ದಡಾರನೆ ಹಾಕಿಕೊಂಡು ಹೋದರು.

ಮಾಸ್ಟರ್ ಜೊತೆ ಕೂತು ಎಲ್ಲ ಬಿಚ್ಚಿ ಮತ್ತೆ ಹೊಲಿದದ್ದರಲ್ಲಿ ಬಸ್ಸು ತಪ್ಪಿತು. ಬೆನ್ನು ನೋಯುತ್ತಿದೆ. ಒಂದು ವಾರದಿಂದ ಮೆಣಸಿನಕಾಯಿ ತರಬೇಕು ಅಂದುಕೊಂಡು ಇವತ್ತೂ ಮರೆತೆ.

ಜುಲೈ 10, ಗುರುವಾರ

ಅಕ್ಕ ಫೋನ್ ಮಾಡಿದಳು. ಅವನು ಹೋಗಿದ್ದನಂತೆ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದನಂತೆ, ಕೇಳಿಸಿತ್ತು, ನಿಲ್ಲಿಸಲಿಲ್ಲ ಅನ್ನುವುದನ್ನೂ.

"ಕೆನ್ನೆಗೆ ಬಾರಿಸೋಣ ಅನ್ನಿಸ್ತು," ಅಂದಳು. "ಹಾಗೇ ನಿಂತಿದ್ದ, ಬಾರಿಸಲಿ ಅಂತ. ಅದಕ್ಕೇ ಬಾರಿಸಲಿಲ್ಲ."

ಫೋನಿನಾಚೆ ಅವಳ ಆಸ್ಪತ್ರೆಯ ಯಂತ್ರ ಗುಂಯ್ ಅನ್ನುತ್ತಿತ್ತು.

"ನಿಂದು ನಂಗೆ ಅರ್ಥ ಆಗಲ್ಲ, ಪುಟ್ಟಿ. ಆದ್ರೆ ನಿನ್ನ ಭಾವ ಅನ್ನಿಸಿಕೊಂಡಿದ್ದ ಮನುಷ್ಯ ಒಂದು ದಿನ, ಒಂದೇ ಒಂದು ದಿನ, ಹಾಗೆ ಬಂದು ನಿಂತಿದ್ದರೆ..." ಅಂದಳು. ಮುಗಿಸಲಿಲ್ಲ. ಯಾರಿಗೋ ಹಲ್ಲು ನೋವಂತೆ, ಇಟ್ಟಳು.

ಜುಲೈ 13, ಭಾನುವಾರ

ನಿನ್ನೆ ಶೋ ಆಯಿತು. ಪರದೆಯ ಸಂದಿಯಿಂದ ನೋಡಿದೆ. ಕೊನೆಯ ಉಡುಪಿಗೆ ಹೆಚ್ಚು ಚಪ್ಪಾಳೆ ಬಿತ್ತು. ಆ ಹುಡುಗಿ ನಡೆದು ಬಂದು ತೋಳುಗಳನ್ನು ರೆಕ್ಕೆಯ ಹಾಗೆ ಮೇಲೆತ್ತಿದಳು. ಹಾಗೆ ಎತ್ತಬೇಕು ಎಂದು ಯಾರೂ ಹೇಳಿರಲಿಲ್ಲ, ಎತ್ತಲು ಬರುತ್ತಿತ್ತು, ಎತ್ತಿದಳು. ಮೇಡಂ ನನ್ನೊಡನೆ ಮಾತಾಡಲಿಲ್ಲ, ಆದರೆ ತಮಗೆ ಬಂದ ಹೂಗುಚ್ಛವನ್ನು ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದರು. ಮರೆತು ಇಟ್ಟದ್ದೋ ಏನೋ.

ಜುಲೈ 29, ಮಂಗಳವಾರ

ಬೆಳಗ್ಗೆ ವ್ಯಾಯಾಮಕ್ಕೆಂದು ಪಟ್ಟಿ ಬಿಚ್ಚಿ ಕೈಯನ್ನು ಮೇಜಿನ ಅಂಚಿಗೆ ಜೋತು ಬಿಟ್ಟು, ಏಳು, ಏಳು ಅನ್ನುತ್ತಿದ್ದೆ. ದಿನವೂ ಅನ್ನುವುದೇ. ಇವತ್ತು ಎದ್ದಿತು. ಒಂದು ಅಕ್ಕಿಕಾಳಿನಷ್ಟು. ನನ್ನ ಕಣ್ಣಿನ ಭ್ರಮೆ ಅಂದುಕೊಂಡು ಮಣಿಕಟ್ಟಿನ ಮೇಲೆ ಕಾಗದದ ಚೂರು ಇಟ್ಟೆ. ಮತ್ತೆ ಏಳು ಅಂದೆ. ಕಾಗದ ಜಾರಿ ಬಿತ್ತು.

ಅಕ್ಕನಿಗೆ ಫೋನ್ ಮಾಡಿದೆ. ಆಮೇಲೆ ಅವನಿಗೂ ಮಾಡಿದೆ.

ಆಗಸ್ಟ್ 3, ಭಾನುವಾರ

ಅವನು ಬಂದಿದ್ದ. ಕೂತು ಮಾತಾಡಿದೆವು, ಮೇಜಿನ ಆಚೆಗೊಬ್ಬರು ಈಚೆಗೊಬ್ಬರು. ನಾಟಕಶಾಲೆಯಲ್ಲಿ ತನ್ನ ಮೇಲಿನವರಿಗೆ ತಾನೇ ಹೇಳಿದನಂತೆ, ಹಗ್ಗದ ವಿಷಯವಲ್ಲ, ನಿಲ್ಲಿಸು ಅಂದಾಗ ನಿಲ್ಲಿಸದೆ ಒಬ್ಬರಿಗೆ ಪೆಟ್ಟಾಯಿತು ಎಂದು. ಯಾರಿಗೆ ಎಂದು ಅವರು ಕೇಳಿದರಂತೆ, ಹೆಂಡತಿಗೆ ಅಂದನಂತೆ. ಈಗ ಅವನ ಜೊತೆ ಇನ್ನೊಬ್ಬ ನಿಲ್ಲುತ್ತಾನೆ, ಪ್ರತಿ ಸಲ. ಅವಮಾನ ಆಗಲಿಲ್ಲವೇ ಎಂದು ಕೇಳಿದೆ. ಆಯಿತು ಅಂದ.

ವಾಪಸು ಬರಲೇ ಎಂದು ಕೇಳಿದ. ಬಾ, ಆದರೆ ಹೊರಗಿನ ಕೋಣೆಯಲ್ಲಿ ಮಲಗು ಅಂದೆ. ಹಗ್ಗವನ್ನೆಲ್ಲ ಸುಟ್ಟುಬಿಡುತ್ತೇನೆ ಅಂದ. ಯಾಕೆ ಸುಡುತ್ತೀಯ, ಹಗ್ಗ ಏನು ಮಾಡಿತು ಅಂದೆ. ನನಗೆ ಅದು ಇನ್ನೂ ಇಷ್ಟ, ಇಷ್ಟವಾದದ್ದು ನನಗೆ, ಅದನ್ನು ನೀನು ಸುಡಬೇಡ ಅಂದೆ. ಮತ್ತೆ ಯಾವತ್ತು, ಯಾರ ಕೈಯಲ್ಲಿ, ಕಟ್ಟಿಸಿಕೊಳ್ಳುವೆನೋ ಇಲ್ಲವೋ, ಅದನ್ನು ನಾನು ಹೇಳುವವರೆಗೆ ಕೇಳಕೂಡದು. ಕೇಳುವುದಿಲ್ಲ ಅಂದ.

ಚಹಾ ಅವನು ಮಾಡಿದ. ಸಕ್ಕರೆ ಜಾಸ್ತಿಯಾಗಿತ್ತು. ಇನ್ನೊಂದು ಮಾಡು ಅಂದೆ.

ಆಗಸ್ಟ್ 10, ಭಾನುವಾರ

ಅಕ್ಕ ಬಂದಳು. ಬಾಗಿಲು ತೆಗೆದದ್ದು ಅವನು. ಅವಳು ಅವನೊಡನೆ ಇನ್ನೂ ನೇರ ಮಾತಾಡುವುದಿಲ್ಲ. ಗೋಡೆಗೆ ಹೇಳುವ ಹಾಗೆ, ಚಪ್ಪಲಿ ಎಲ್ಲಿ ಬಿಡಬೇಕೋ ಅಂದಳು. ಅವನು ಜಾಗ ತೋರಿಸಿ ತರಕಾರಿ ತರಲು ಹೋದ.

ಶೋ ಮುಗಿದ ಮೇಲೆ ಮೇಡಂ ಒಂದೊಂದು ಹಾರ್ನೆಸ್ ನಮಗೇ ಕೊಟ್ಟಿದ್ದರು. ನನ್ನದು ಕುರ್ಚಿಯ ಮೇಲಿತ್ತು, ಎಲ್ಲಕ್ಕಿಂತ ಸಾದಾ ಇರುವುದು, ಭುಜಕ್ಕೆ ಎರಡು, ಎದೆಯ ಕೆಳಗೆ ಒಂದು, ನಡುವೆ ಉಂಗುರ. ಅಕ್ಕ ಅದನ್ನು ನೋಡಿದಳು, ಬೇರೆ ಕಡೆ ನೋಡಿದಳು, ಮತ್ತೆ ನೋಡಿದಳು. ಮಾತು ಎಲ್ಲೆಲ್ಲೋ ಹೋಯಿತು. ಅವಳ ಮನೆಯೊಡೆಯನ ಬೆಕ್ಕಿನ ವಿಷಯ, ಆಸ್ಪತ್ರೆಗೆ ಬಂದ ಮುದುಕ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ಬಸ್ಸಿನಲ್ಲಿ ಬಿಟ್ಟ ವಿಷಯ. ಆಮೇಲೆ ಇದ್ದಕ್ಕಿದ್ದ ಹಾಗೆ, ಇದನ್ನು ಹಾಕಿಕೊಂಡರೆ ಏನಾಗುತ್ತೆ ಅಂದಳು.

ಏನೂ ಆಗುವುದಿಲ್ಲ, ನಿಂತುಕೋ ಅಂದೆ.

ಅವಳ ಅಂಗಿಯ ಮೇಲೆಯೇ ತೊಡಿಸಿದೆ. ಭುಜದ ಪಟ್ಟಿಗಳನ್ನು ಸರಿಮಾಡಿ, ಬೆನ್ನಿನ ಬಕಲ್ ಹಾಕಲು ಹೋದೆ. ಬಲಗೈ ಇನ್ನೂ ಮಗುವಿನ ಕೈ, ಮೂರು ಸಲ ಜಾರಿತು. ಅಕ್ಕ ಕದಲದೆ ನಿಂತಿದ್ದಳು. ನಾನು ಅವಳ ಬೆನ್ನ ಹಿಂದೆ ಇದ್ದೆ, ಅವಳ ಉಸಿರು ಸಣ್ಣದಾಗಿದ್ದದ್ದು ನನಗೆ ಕಾಣುತ್ತಿತ್ತು. ನಾನು ಮುಂದೆ ಬಂದು, ಬೇಡವಾದರೆ ಬೇಡ ಅಂದೆ. ಹಾಕು ಅಂದಳು. ನಾಲ್ಕನೆಯ ಸಲ ಮೊಳೆ ತೂತಿಗೆ ಕೂತಿತು. ಪಟ್ಟಿಯೊಳಗೆ ಎರಡು ಬೆರಳು ತೂರಿಸಿ ನೋಡಿ, ಸಡಿಲ ಇದೆ ಅಂದೆ.

ಕನ್ನಡಿಯ ಮುಂದೆ ಹೋಗಿ ನಿಂತಳು. ನೆತ್ತಿಯ ಬಿಳಿಗೂದಲು, ಬಣ್ಣ ಮಾಸಿದ ಹೂವಿನ ಅಂಗಿ, ಅದರ ಮೇಲೆ ಕಪ್ಪು ಚರ್ಮ, ಎದೆಯ ನಡುವೆ ಹೊಳೆಯುವ ಉಂಗುರ. ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಅವಳ ಭುಜ ತಾನಾಗಿ ಹಿಂದಕ್ಕೆ ಹೋಯಿತು. ಉಂಗುರದ ಮೇಲೆ ಅಂಗೈ ಇಟ್ಟುಕೊಂಡು ಒಂದು ಉದ್ದ ಉಸಿರು ಎಳೆದಳು, ಪಟ್ಟಿ ತುಂಬುವಷ್ಟು.

"ಪೊಲೀಸಮ್ಮನ ಹಾಗಿದ್ದೀನಿ," ಅಂದಳು.

ಅವನು ತರಕಾರಿ ಚೀಲ ಹಿಡಿದು ಬಂದವನು ಬಾಗಿಲಲ್ಲೇ ಕಲ್ಲಾದ. ಅಕ್ಕ ಕನ್ನಡಿಯಲ್ಲಿಯೇ ಅವನನ್ನು ನೋಡಿ, ಈ ಸಲ ಗೋಡೆಗಲ್ಲ, ಅವನಿಗೇ ಹೇಳಿದಳು: ಏನು ನೋಡ್ತೀಯ, ಆ ಬದನೆಕಾಯಿ ತೊಳಿ.

ಊಟಕ್ಕೂ ಹಾಗೆಯೇ ಕೂತಳು. ಹೊರಡುವಾಗ ಬಿಚ್ಚಲು ಕೈ ಹಾಕಿದೆ, ಇರಲಿ ಬಿಡು, ತಿಂಗಳ ಕೊನೆಗೆ ತಂದುಕೊಡ್ತೀನಿ ಅಂದಳು. ಮೇಲೆ ಸ್ವೆಟರ್ ಹಾಕಿಕೊಂಡು ಕತ್ತಿನವರೆಗೂ ಗುಂಡಿ ಮುಚ್ಚಿ ಮೆಟ್ಟಿಲಿಳಿದಳು. ಕಿಟಕಿಯಿಂದ ನೋಡಿದೆ. ಬಸ್ ನಿಲ್ದಾಣದಲ್ಲಿ ಜನ ಕಿಕ್ಕಿರಿದಿದ್ದರು. ಯಾವತ್ತೂ ಎಲ್ಲರನ್ನೂ ಹತ್ತಲು ಬಿಟ್ಟು ಕೊನೆಗೆ ಹತ್ತುವವಳು, ಇವತ್ತು ಬಸ್ಸು ಬಂದದ್ದೇ ಮೊಣಕೈಯಿಂದ ದಾರಿ ಬಿಡಿಸಿಕೊಂಡು ಮೊದಲು ಹತ್ತಿ, ಮುಂದಿನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು.